ಮರಳಿ ಮರಳಿ ಬರುವ ಕೀರಲು ಸದ್ದು

ಎರಡು ಮಳೆಗಾಲಗಳ ಹಿಂದೆ ಇದೇ ಅಂಕಣದಲ್ಲಿ ನಾನೊಂದು ಮಾತು ಬರೆದಿದ್ದೆ. ಮಳೆಗಾಲದ ಮುಂಜಾನೆ ಗಾಡಿ ಹೊರಡಿಸಿದಾಗ ಹಿಂದಿನ ಗಾಲಿಗಳ ಬ್ರೇಕಿನಿಂದ ಕೀರಲು ಸದ್ದು ಬಂದರೆ ಗಾಬರಿಯಾಗಬೇಕಿಲ್ಲ. ರಾತ್ರಿಯ ತೇವಕ್ಕೆ ಡ್ರಮ್ಮಿನ ಒಳಮೈಗೆ ಹಿಡಿದ ತೆಳುವಾದ ತುಕ್ಕು ಅದು. ನಾಲ್ಕಾರು ಬಾರಿ ಬ್ರೇಕ್ ಒತ್ತಿದರೆ ತಾನಾಗಿಯೇ ಉಜ್ಜಿ ಹೋಗುತ್ತದೆ ಎಂದು. ಬರೆದದ್ದು ಸುಳ್ಳಲ್ಲ, ಆದರೆ ಅರ್ಧವನ್ನು ಮಾತ್ರ ಬರೆದಿದ್ದೆ. ಬರೆಯದೆ ಬಿಟ್ಟ ಉಳಿದರ್ಧವು ಈ ಪತ್ರಿಕೆಯ ಒಬ್ಬ ಓದುಗರನ್ನು ಚೋರ್ಲಾ ಘಾಟಿನ ತಿರುವೊಂದರಲ್ಲಿ ಎದುರು ಬರುವ ವಾಹನಗಳ ಸಾಲಿಗೆ ಎಳೆದೊಯ್ದಿತು. ದೈವಕೃಪೆಯಿಂದ ಆ ಹೊತ್ತಿನಲ್ಲಿ ಎದುರಿನಿಂದ ಯಾವ ವಾಹನವೂ ಬರುತ್ತಿರಲಿಲ್ಲ. ಆ ಉಳಿದರ್ಧವನ್ನು ಈ ವಾರ ಬರೆದು ನನ್ನ ಋಣವನ್ನು ತೀರಿಸುತ್ತಿದ್ದೇನೆ.

ಆ ಓದುಗರು ಹುಕ್ಕೇರಿ ಸೀಮೆಯವರು. ಹೆಸರು ಬೇಡವೆಂದಿದ್ದಾರೆ. ಸಾಲ ಮಾಡಿ ಕೊಂಡ ಒಂದು ಪಿಕಪ್ ಗಾಡಿಯೇ ಅವರ ಹೊಲ, ಅದೇ ಅವರ ಬಾವಿ. ವಾರಕ್ಕೆ ನಾಲ್ಕು ರಾತ್ರಿ ಬೆಳಗಾವಿಯಲ್ಲಿ ತರಕಾರಿ ತುಂಬಿಕೊಂಡು, ಜಾಂಬೋಟಿ, ಕಣಕುಂಬಿ ಮಾರ್ಗವಾಗಿ ಘಾಟ್ ಇಳಿದು, ಕೇರಿ, ಸಾಖಳಿ ದಾಟಿ, ಬೆಳಕು ಹರಿಯುವ ಮೊದಲೇ ಪಣಜಿಯ ಮಾರುಕಟ್ಟೆಗೆ ಮುಟ್ಟಿಸುವುದು ಅವರ ಕಾಯಕ. ಗೋವೆಯ ಅಡುಗೆಮನೆಗಳು ಬೆಳಗಾವಿಯ ಸೊಪ್ಪು, ಬದನೆ, ಕೋಸು, ಮೆಣಸಿನಕಾಯಿಗಳನ್ನು ಎಷ್ಟು ನೆಚ್ಚಿವೆಯೆಂಬುದು ಇಲ್ಲಿಯ ಕನ್ನಡಿಗರಿಗೆ ಹೇಳಬೇಕಾದ ಮಾತಲ್ಲ. ಆ ದಾರಿಯಲ್ಲಿ ರಾತ್ರಿಯೆಲ್ಲ ಓಡುವ ಗಾಡಿಗಳಲ್ಲಿ ನಮ್ಮವರ ಗಾಡಿಗಳು ಹಲವು. ಆದುದರಿಂದ ಈ ಸಂಗತಿ ಒಬ್ಬರ ಗಾಡಿಗೆ ಮಾತ್ರ ಸೇರಿದ್ದಲ್ಲ.

ಅವರು ಕಳೆದ ಸೆಪ್ಟೆಂಬರ್ ಕೊನೆಯಲ್ಲಿ ರಾಯಬಂದರಿನ ನಮ್ಮ ಮನೆಗೆ ಬಂದರು. ಕೈಯಲ್ಲಿ ಮಡಿಕೆ ಮಡಿಕೆಯಾಗಿ ಹರಿಯುವ ಹಂತಕ್ಕೆ ಬಂದಿದ್ದ ಒಂದು ಪತ್ರಿಕೆಯ ತುಣುಕು. ಗಾಡಿಯ ಪರ್ಮಿಟ್ಟು, ವಿಮೆಯ ಕಾಗದಗಳ ಜೊತೆ ಅದನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡಿದ್ದರು. ಬಿಡಿಸಿ ನೋಡಿದರೆ ನನ್ನದೇ ಅಂಕಣ.

"ಕಾಕಾ, ನೀವು ಬರದಂಗ ನಾಕ ಸಲ ಅಲ್ಲ, ನಲವತ್ತ ಸಲ ಒತ್ತೀನ್ರಿ. ಹೋಗವಲ್ದು. ಹೋತು ಅನ್ನೂದ್ರಾಗ ಮತ್ತ ಬರತೈತಿ."

ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಅದಕ್ಕೂ ಮಿಗಿಲಾಗಿ ಜುಲೈ ತಿಂಗಳಲ್ಲಿ ಅವರು ಇದೇ ಸದ್ದಿನ ಬಗ್ಗೆ ಫೋನ್ ಮಾಡಿದ್ದೂ, ನಾನು ಗಾಡಿಯನ್ನು ಕಣ್ಣಿಂದಲೂ ನೋಡದೆ "ಮಳೆಗಾಲದ ತುಕ್ಕು ತಮ್ಮಾ, ಚಿಂತಿಸಬೇಡ" ಎಂದು ಹೇಳಿ ಫೋನ್ ಇಟ್ಟದ್ದೂ ನೆನಪಾಗಿ ನಾಚಿಕೆಯಾಯಿತು. ಮೂವತ್ತು ವರ್ಷ ವರ್ಕ್‌ಶಾಪಿನಲ್ಲಿ ದುಡಿದವನು ಹಾಗೆ ಹೇಳಬಾರದಿತ್ತು.

ಆ ನಡುವೆ ಅವರು ಸುಮ್ಮನೆ ಕುಳಿತಿರಲಿಲ್ಲ. ಮೊದಲ ಬಾರಿ ಒಬ್ಬ ಮಿಸ್ತ್ರಿ ಡ್ರಮ್ ಬಿಚ್ಚಿ, ಬ್ರೇಕ್ ಲೈನರುಗಳನ್ನು ಪಾಲಿಶ್ ಪೇಪರಿನಿಂದ ಉಜ್ಜಿ, ಪೆಟ್ರೋಲಿನಲ್ಲಿ ತೊಳೆದು ಕೂರಿಸಿದ. ಸದ್ದು ಮೂರು ವಾರ ಬರಲಿಲ್ಲ. ಮತ್ತೆ ಬಂದಾಗ ಇನ್ನೊಬ್ಬ ಹೊಸ ಲೈನರುಗಳನ್ನೇ ಹಾಕಿದ. ಒಂದು ತಿಂಗಳು ನೆಮ್ಮದಿ. ಮೂರನೆಯ ಬಾರಿ ಡ್ರಮ್ಮುಗಳನ್ನು ಲೇತಿಗೆ ಕೊಟ್ಟು ಒಳಮೈ ಕೆತ್ತಿಸಿ, ಸ್ಪ್ರಿಂಗುಗಳನ್ನು ಬದಲಿಸಿದ್ದಾಯಿತು. ಮೂರು ವಾರದ ಮೇಲೆ ಎರಡು ದಿನಕ್ಕೆ ಮತ್ತದೇ ಕೀರಲು. ಮೂರು ಬಾರಿಯ ಖರ್ಚು ಕೂಡಿಸಿದರೆ ಸಾಲದ ಒಂದು ತಿಂಗಳ ಕಂತಿಗೆ ಸಮನಾಗಿತ್ತು. ಆ ಬಳಿಕವೇ ಜಿಟಿಜಿಟಿ ಮಳೆಯ ಒಂದು ರಾತ್ರಿ ತಿರುವಿನಲ್ಲಿ ಬ್ರೇಕ್ ಒತ್ತಿದಾಗ ತುಂಬಿದ ಗಾಡಿ ನೇರವಾಗಿ ನಿಲ್ಲದೆ ಬಲಕ್ಕೆ ತೊನೆದು ಎದುರು ಸಾಲಿಗೆ ನುಗ್ಗಿದ್ದು.

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಆ ಮೂವರು ಮಿಸ್ತ್ರಿಗಳೂ ಮೋಸಗಾರರಲ್ಲ. ಕೈಗೆ ಸಿಕ್ಕಿದ್ದನ್ನು ಶ್ರದ್ಧೆಯಿಂದಲೇ ಸರಿಪಡಿಸಿದವರು. ಆದರೆ ತರಕಾರಿಯ ಗಾಡಿಯ ಮಾಲೀಕ "ಸಂಜೆಗೆ ಗಾಡಿ ಬೇಕು" ಎಂದು ಎದುರು ನಿಂತಾಗ, ಸದ್ದನ್ನು ಅಡಗಿಸುವ ಕೆಲಸಕ್ಕೆ ವೇಳೆಯಿರುತ್ತದೆಯೇ ಹೊರತು ಸದ್ದಿಗೆ ಕಾರಣ ಹುಡುಕುವ ಕೆಲಸಕ್ಕೆ ಇರುವುದಿಲ್ಲ. ಒಂದು ರಾತ್ರಿಯ ಫೇರಿ ತಪ್ಪಿದರೆ ಸಂತೆಯಲ್ಲಿ ತುಂಬಿಸಿಟ್ಟ ಮಾಲು ಕೊಳೆಯುತ್ತದೆ. ಇದು ಅವರವರ ಹೊಟ್ಟೆಪಾಡಿನ ಲೆಕ್ಕ.

ಸದ್ದು ಹುಟ್ಟುವ ಬಗೆಯನ್ನು ಮೊದಲು ತಿಳಿದುಕೊಳ್ಳೋಣ. ನಮ್ಮ ಕಡೆಯ ಘಾಟ್ ದಾರಿಗಳಲ್ಲಿ ಹಿಂದೆ ಎತ್ತಿನ ಬಂಡಿಗಳು ಇಳಿಯುವಾಗ ಗಾಲಿಯ ಹಳಿಗೆ ಮರದ ದಿಮ್ಮಿಯೊಂದನ್ನು ಹಗ್ಗದಿಂದ ಬಿಗಿದು ಒತ್ತುತ್ತಿದ್ದರು. ಪಿಕಪ್ಪಿನ ಹಿಂದಿನ ಗಾಲಿಯಲ್ಲಿ ನಡೆಯುವುದೂ ಅದೇ. ಒತ್ತುವುದು ಹೊರಗಿನಿಂದಲ್ಲ, ಒಳಗಿನಿಂದ ಎಂಬುದಷ್ಟೇ ಭೇದ. ಗಾಲಿಯೊಡನೆ ತಿರುಗುವ ಬೀಡುಕಬ್ಬಿಣದ ಡ್ರಮ್ಮಿನೊಳಗೆ ಅರ್ಧಚಂದ್ರಾಕಾರದ ಎರಡು ಶೂಗಳಿವೆ. ಅವುಗಳ ಬೆನ್ನಿಗೆ ಲೈನರು ಅಂಟಿಸಿರುತ್ತದೆ. ಕಾಲಿನಿಂದ ಒತ್ತಿದಾಗ ಬ್ರೇಕ್ ಆಯಿಲಿನ ಒತ್ತಡ ಈ ಶೂಗಳನ್ನು ಅಗಲಿಸಿ ಡ್ರಮ್ಮಿಗೆ ತಾಗಿಸುತ್ತದೆ. 1902ರಲ್ಲಿ ಫ್ರಾನ್ಸಿನ ಲೂಯಿ ರೆನೋ ತನ್ನ ಕಾರಿಗೆ ಅಳವಡಿಸಿದ ಡ್ರಮ್ ಬ್ರೇಕಿನ ಮೂಲತತ್ತ್ವವೇ ಇಂದಿಗೂ ನಡೆದು ಬಂದಿದೆ. ಅಗ್ಗ, ಗಟ್ಟಿ, ಹ್ಯಾಂಡ್ ಬ್ರೇಕನ್ನು ಜೋಡಿಸಲು ಸುಲಭ. ಆದುದರಿಂದ ಮುಂದಿನ ಗಾಲಿಗಳಿಗೆ ಡಿಸ್ಕ್ ಬಂದರೂ ಸರಕಿನ ಗಾಡಿಗಳ ಹಿಂಬದಿಯಲ್ಲಿ ಡ್ರಮ್ ಉಳಿದುಕೊಂಡಿದೆ. ಅದರ ದೋಷವೆಂದರೆ ಅದು ಮುಚ್ಚಿದ ಡಬ್ಬಿ. ಹೊರಗಿನ ಕೆಸರು ಸುಲಭಕ್ಕೆ ಒಳಗೆ ಬರದು ನಿಜ. ಆದರೆ ಒಳಗೆ ಸೇರಿದ್ದು ಹೊರಗೂ ಹೋಗದು, ಕಣ್ಣಿಗೂ ಕಾಣದು.

ಲೈನರು ಡ್ರಮ್ಮಿನ ಮೇಲೆ ಒಂದೇ ಸಮನೆ ಜಾರಿದರೆ ಸದ್ದಿಲ್ಲ. ಹಿಡಿದು ಬಿಟ್ಟು, ಹಿಡಿದು ಬಿಟ್ಟು ಜಾರತೊಡಗಿದರೆ, ಕಮಾನು ಎಳೆದ ಪಿಟೀಲಿನ ತಂತಿಯಂತೆ ಅದು ಅದುರುತ್ತದೆ. ಆ ಅದುರು ಒಂದು ಸೆಕೆಂಡಿಗೆ ಸಾವಿರಾರು ಬಾರಿ ಆದಾಗ ಡ್ರಮ್ಮು ಗಂಟೆಯಂತೆ ಅದನ್ನು ಹಿಗ್ಗಿಸಿ ನಮ್ಮ ಕಿವಿಗೆ ಮುಟ್ಟಿಸುತ್ತದೆ. ಹಿಡಿತ ಹೀಗೆ ತುಂಡುತುಂಡಾಗಲು ಹಲವು ಕಾರಣಗಳುಂಟು: ತುಕ್ಕು, ಸವೆತದ ಪುಡಿ, ಕಾವಿಗೆ ಗಾಜಿನಂತೆ ನುಣುಪಾದ ಲೈನರು, ಗುಂಡಗಿಲ್ಲದ ಡ್ರಮ್ಮು, ಸಡಿಲವಾದ ಸ್ಪ್ರಿಂಗು, ಇಲ್ಲವೇ ಎಣ್ಣೆಯ ಜಿಡ್ಡು. ಸದ್ದು ಎಲ್ಲದರಲ್ಲಿಯೂ ಹೆಚ್ಚುಕಡಿಮೆ ಒಂದೇ. ಆದುದರಿಂದ ಸದ್ದನ್ನು ಕೇಳಿದ ಮಾತ್ರಕ್ಕೆ ಕಾರಣ ತಿಳಿಯುವುದಿಲ್ಲ. ಅದು ಯಾವಾಗ, ಎಲ್ಲಿ, ಯಾವುದರ ಬೆನ್ನಿಗೆ ಬರುತ್ತದೆ ಎಂಬುದನ್ನು ಕೇಳಿ ತಿಳಿಯಬೇಕು. ನಾನು ಜುಲೈಯಲ್ಲಿ ಕೇಳದೆ ಬಿಟ್ಟ ಪ್ರಶ್ನೆಗಳನ್ನು ಆ ದಿನ ಜಗುಲಿಯ ಮೇಲೆ ಕೂರಿಸಿ ಒಂದೊಂದಾಗಿ ಕೇಳಿದೆ.

ಯಾವ ಗಾಲಿ? ಹಿಂದಿನ ಎಡಗಾಲಿ ಮಾತ್ರ. ಈ ಒಂದು ಉತ್ತರದಿಂದಲೇ ನನ್ನ ತುಕ್ಕಿನ ವಾದ ಬಿದ್ದುಹೋಯಿತು. ಒಂದೇ ಅಂಗಳದಲ್ಲಿ ಒಂದೇ ಮಳೆಯಲ್ಲಿ ನಿಂತ ಎರಡು ಡ್ರಮ್ಮುಗಳಲ್ಲಿ ಒಂದಕ್ಕೆ ಮಾತ್ರ ನಾಲ್ಕು ತಿಂಗಳ ಕಾಲ ತುಕ್ಕು ಹಿಡಿಯುವುದೆಂತು?

ಯಾವ ಹೊತ್ತಿನಲ್ಲಿ? ಮುಂಜಾನೆ ಅಷ್ಟಿಷ್ಟು, ಘಾಟ್ ಇಳಿದು ಮುಗಿಸುವಾಗ ಬಹಳ. ತುಕ್ಕಿನ ಸದ್ದು ಬ್ರೇಕ್ ಬಳಸಿದಂತೆ ಕಡಿಮೆಯಾಗಬೇಕು. ಇದು ಬಳಸಿದಂತೆ ಹೆಚ್ಚುತ್ತಿತ್ತು.

ಕಾಲು ಇಟ್ಟಾಗಲೋ, ಇಡದಿದ್ದಾಗಲೂ ಬರುತ್ತದೆಯೋ? ಕಾಲಿಟ್ಟಾಗ ಮಾತ್ರ. ಹಾಗಿದ್ದರೆ ಶೂ ಹಿಂದಕ್ಕೆ ಸರಿಯದೆ ಡ್ರಮ್ಮಿಗೆ ಅಂಟಿಕೊಂಡಿಲ್ಲ. ಹ್ಯಾಂಡ್ ಬ್ರೇಕಿನ ಕೇಬಲ್ ಬಿಗಿದುಕೊಂಡಿಲ್ಲ.

ರಿಪೇರಿಯಾದ ಎಷ್ಟು ದಿನಕ್ಕೆ ಮರಳುತ್ತದೆ? ಏನೇ ಮಾಡಿಸಿದರೂ ಮೂರು ನಾಲ್ಕು ವಾರಕ್ಕೆ. ಇದು ಬಹುಮುಖ್ಯವಾದ ಉತ್ತರವೆಂದು ನನಗೆ ಆಗ ತೋರಿತು. ಮಾರನೆಯ ದಿನವೇ ಮರಳುವ ಸದ್ದು ಕೆಲಸದ ದೋಷವನ್ನು ಹೇಳುತ್ತದೆ. ಯಾವ ಭಾಗವನ್ನು ಬದಲಿಸಿದರೂ ಅಷ್ಟೇ ದಿನಕ್ಕೆ ಮರಳುವ ಸದ್ದು, ಒಳಗೆ ಯಾವುದೋ ವಸ್ತು ಹನಿಹನಿಯಾಗಿ ತುಂಬುತ್ತಿದೆ ಎಂಬುದನ್ನು ಹೇಳುತ್ತದೆ. ಸೋರುವ ಮಾಡಿನ ಕೆಳಗೆ ಇಟ್ಟ ಪಾತ್ರೆಯನ್ನು ಎಷ್ಟು ಬಾರಿ ಬರಿದು ಮಾಡಿದರೇನು?

ಕೊನೆಯ ಪ್ರಶ್ನೆ: ಮೊಟ್ಟಮೊದಲು ಬಂದದ್ದು ಯಾವಾಗ, ಅದಕ್ಕೂ ಮುಂಚೆ ಗಾಡಿಗೆ ಏನು ಮಾಡಿಸಿದ್ದೆ?

"ಜೂನ್ ಎರಡನೇ ವಾರ ಬಂತ್ರಿ. ಅದಕ್ಕೂ ಮೊದಲ ಏನೂ ಮಾಡಿಸಿಲ್ರಿ ಕಾಕಾ. ಮಳಿಗಾಲ ಬಂತಂತ ಕೆಳಗ ಚಾಸಿಗೆ ತುಕ್ಕು ಹಿಡೀಬಾರದಂತ ಕರೀ ಬಣ್ಣ ಹೊಡಸಿದ್ದೆ, ಅಷ್ಟ."

ಆ ಉತ್ತರವನ್ನು ನಾನೂ ಆ ಕ್ಷಣಕ್ಕೆ ಲೆಕ್ಕಕ್ಕೆ ಹಿಡಿಯಲಿಲ್ಲ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಸುರಿಯುವ, ಉಪ್ಪುಗಾಳಿ ಬೀಸುವ ಈ ನಾಡಿನಲ್ಲಿ ಮಳೆಗಾಲಕ್ಕೆ ಮುನ್ನ ಗಾಡಿಯ ತಳಕ್ಕೆ ಬಣ್ಣ ಬಳಿಸುವುದು ಜಾಣತನವೇ ಸರಿ.

ಮರುದಿನ ರಾತ್ರಿ ಅವರೊಡನೆ ನಾನೂ ಹೊರಟೆ. ಬೆಳಗಾವಿಯಿಂದ ತುಂಬಿದ ಗಾಡಿಯಲ್ಲಿ ಮರಳಿದೆವು. ತಗ್ಗಿನ ಗೇರಿನಲ್ಲಿ ನಿಧಾನವಾಗಿಯೇ ಇಳಿಸಿದರೂ ಅರ್ಧ ಘಾಟಿನ ನಂತರ ಎಡಹಿಂದಿನಿಂದ ಕೀರಲು ಎದ್ದಿತು. ಘಾಟ್ ಮುಗಿದು ಸಮತಟ್ಟು ಸಿಕ್ಕ ಕೂಡಲೇ ಗಾಡಿ ನಿಲ್ಲಿಸಿ, ಗಾಲಿಗಳಿಗೆ ಕಲ್ಲು ಕೊಟ್ಟು, ಪರಿಚಯದವರಿಂದ ಕಡ ತಂದಿದ್ದ ದೂರದಿಂದಲೇ ಕಾವು ತೋರಿಸುವ ಉಷ್ಣಮಾಪಕವನ್ನು ಎರಡೂ ಡ್ರಮ್ಮುಗಳತ್ತ ಹಿಡಿದೆ. ಬಲಗಡೆಯದು 130 ಡಿಗ್ರಿ ದಾಟಿತ್ತು. ಎಡಗಡೆಯದು 80ರ ಆಸುಪಾಸು.

ಚಾಲಕರಿಗೆ ಸಮಾಧಾನವಾಯಿತು. "ಅಂದ್ರ ಎಡಗಡೀದು ಛಲೋ ಐತಲ್ರಿ, ತಣ್ಣಗೈತಿ" ಎಂದರು. ನನಗೆ ಎದೆ ಧಸಕ್ಕೆಂದಿತು. ಬ್ರೇಕ್ ಮಾಡುವ ಕೆಲಸವೇ ಓಟವನ್ನು ಕಾವಾಗಿ ಬದಲಿಸುವುದು. ತಣ್ಣಗಿರುವ ಬ್ರೇಕ್ ದುಡಿಯದ ಬ್ರೇಕ್. ಕೂಗುತ್ತಿದ್ದ ಗಾಲಿ ಗಾಡಿಯನ್ನು ಹಿಡಿಯುತ್ತಿರಲಿಲ್ಲ. ಬಲಗಾಲಿಯೊಂದೇ ಎರಡರ ಪಾಲನ್ನು ದುಡಿಯುತ್ತಿತ್ತು. ಗಾಡಿ ಬಲಕ್ಕೆ ಎಳೆದದ್ದರ ಗುಟ್ಟು ಅದೇ.

ಈ ದುಡಿಮೆ ಎಷ್ಟೆಂಬುದನ್ನು ಓದುಗರು ಒಮ್ಮೆ ಊಹಿಸಿಕೊಳ್ಳಬೇಕು. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಪಣಜಿಯ ಮಾರುಕಟ್ಟೆ ನದೀಮುಖದಲ್ಲಿದೆ. ಸರಕು ಸೇರಿ ಎರಡೂವರೆ ಟನ್ ತೂಗುವ ಗಾಡಿ ಅಷ್ಟು ಎತ್ತರದಿಂದ ಇಳಿದಾಗ ಬಿಟ್ಟುಕೊಡುವ ಶಕ್ತಿ ಸುಮಾರು ಐದು ಯೂನಿಟ್ ವಿದ್ಯುತ್ತಿಗೆ ಸಮ. ಐವತ್ತು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ತನಕ ಕಾಯಿಸಲು ಅಷ್ಟು ಸಾಕು. ಅದರಲ್ಲಿ ಒಂದು ಪಾಲನ್ನು ಎಂಜಿನ್ನಿನ ಬಿಗಿಯೂ ಗಾಳಿಯ ತಡೆಯೂ ನುಂಗುತ್ತವೆ. ಮಿಕ್ಕಿದ್ದನ್ನು ನಾಲ್ಕು ಗಾಲಿಗಳ ಬ್ರೇಕುಗಳು ನುಂಗಬೇಕು. ನಾಲ್ಕರಲ್ಲಿ ಒಂದು ಮೈಗಳ್ಳನಾದರೆ ಅದರ ಹೊರೆ ಉಳಿದ ಮೂರರ ತಲೆಗೆ.

ಪಣಜಿ ಮುಟ್ಟಿ ಮಾಲು ಇಳಿಸಿದ ಮೇಲೆ, ಡ್ರಮ್ಮು ತಣಿಯುವ ತನಕ ಕಾದು ಬಿಚ್ಚಿಸಿದೆವು. ಒಳಗೆ ಕಪ್ಪು ಜಿಡ್ಡು. ಲೈನರಿನ ಮೇಲೆ ಅಲ್ಲಲ್ಲಿ ಸುಟ್ಟ ಹೊಳಪು. ಮಿಸ್ತ್ರಿ "ಗ್ರೀಸು ಹೆಚ್ಚಾಗಿದೆ" ಎಂದ. ಹಿಂದಿನ ಮೂವರೂ ಹಾಗೆಯೇ ಎಂದುಕೊಂಡು ಒರೆಸಿರಬೇಕು. ಆದರೆ ಜಿಡ್ಡೆಂದರೆ ಎಲ್ಲವೂ ಒಂದಲ್ಲ. ಬ್ರೇಕ್ ಆಯಿಲ್ ನೀರಿನಲ್ಲಿ ಬೆರೆತುಹೋಗುತ್ತದೆ. ಅದಾಗಿದ್ದರೆ ಗಾಲಿಯ ಸಿಲಿಂಡರ್ ಸೋರುತ್ತಿದೆಯೆಂದು ಅರ್ಥ. ನಾವು ಆ ಜಿಡ್ಡನ್ನು ಒಂದು ಬಟ್ಟಲು ನೀರಿಗೆ ಹಾಕಿದೆವು. ಬೆರೆಯದೆ ಮೇಲೆ ತೇಲಿತು. ಮೂಗಿಗೆ ಹಿಡಿದರೆ ಗಂಧಕದ ಘಾಟು. ಹಿಂದಿನ ಆಕ್ಸಲಿನ ಗೇರ್ ಆಯಿಲಿಗೆ ಬೆರೆಸುವ ಗಂಧಕದ ದ್ರವ್ಯದ ವಾಸನೆ ಅದು. ಸಿಲಿಂಡರಿನ ರಬ್ಬರನ್ನು ಸರಿಸಿ ನೋಡಿದರೆ ಒಣಗಿತ್ತು. ಹಾಗಾದರೆ ಗೇರ್ ಆಯಿಲ್ ಆಕ್ಸಲಿನ ಕೊಳವೆಯುದ್ದಕ್ಕೂ ಬಂದು, ತುದಿಯ ಆಯಿಲ್ ಸೀಲನ್ನು ದಾಟಿ, ಡ್ರಮ್ಮಿನೊಳಗೆ ಇಳಿಯುತ್ತಿತ್ತು. ಎಡಬದಿಗೇ ಏಕೆ ಎಂದರೆ, ನಮ್ಮ ರಸ್ತೆಗಳು ನೀರು ಹರಿದುಹೋಗಲೆಂದು ಅಂಚಿಗೆ ಇಳಿಜಾರಾಗಿರುತ್ತವೆ. ಎಡಕ್ಕೆ ಓಡುವ ಗಾಡಿ ಎಡಕ್ಕೆ ವಾಲಿರುತ್ತದೆ. ಎಣ್ಣೆಯೂ ಆ ಕಡೆಗೇ ಹರಿಯುತ್ತದೆ.

ಪೆಟ್ರೋಲಿನಲ್ಲಿ ತೊಳೆದ ಲೈನರು ಏಕೆ ಉಳಿಯಲಿಲ್ಲವೆಂಬುದೂ ಇದರಿಂದ ತಿಳಿಯುತ್ತದೆ. ಲೈನರು ಸೂಕ್ಷ್ಮ ರಂಧ್ರಗಳ ವಸ್ತು. ಒಮ್ಮೆ ಎಣ್ಣೆ ಕುಡಿದರೆ ಮೇಲ್ಮೈಯನ್ನು ಎಷ್ಟು ಉಜ್ಜಿದರೂ, ಕಾವೇರಿದಾಗ ಒಳಗಿನದು ಮತ್ತೆ ಮೇಲಕ್ಕೆ ಜಿನುಗುತ್ತದೆ. ಮೊದಲು ಅಲ್ಲಲ್ಲಿ ಹಿಡಿದು ಬಿಡುತ್ತದೆ, ಆಗ ಕೀರಲು. ಬಳಿಕ ಪೂರ್ತಿ ಜಾರುತ್ತದೆ. ಆಗ ಸದ್ದು ಸಹ ನಿಂತುಹೋಗಬಹುದು. ಸದ್ದು ನಿಂತಿತೆಂದು ಚಾಲಕ ಹಿಗ್ಗುವ ಹೊತ್ತಿಗೆ ಬ್ರೇಕೇ ಇರುವುದಿಲ್ಲ.

"ಹೊಸ ಸೀಲ್ ಹಾಕಿದರಾಯಿತು" ಎಂದ ಮಿಸ್ತ್ರಿ. ಅಲ್ಲಿಗೇ ನಿಂತಿದ್ದರೆ ಇದು ನಾಲ್ಕನೆಯ ಅರೆಬರೆ ರಿಪೇರಿಯಾಗುತ್ತಿತ್ತು. ಸೀಲು ಹಳತಾಗಿರಲಿಲ್ಲ. ಬೇರಿಂಗಿನಲ್ಲಿ ಆಟವಿರಲಿಲ್ಲ. ಸೀಲಿನ ತುಟಿ ತಾಗುವ ಕಡೆ ಶಾಫ್ಟಿನ ಮೇಲೆ ಗೀರಿರಲಿಲ್ಲ. ಹಾಗಾದರೆ ಒಳ್ಳೆಯ ಸೀಲು ಎಣ್ಣೆಯನ್ನು ಏಕೆ ಬಿಟ್ಟುಕೊಟ್ಟಿತು? ಎಣ್ಣೆ ಮಿತಿಮೀರಿ ತುಂಬಿದೆಯೋ ನೋಡೋಣವೆಂದು, ಗಾಡಿಯನ್ನು ಒಂದಷ್ಟು ದೂರ ಓಡಿಸಿ ತಂದ ಮೇಲೆ, ಹಿಂದಿನ ಹೌಸಿಂಗಿನ ಎಣ್ಣೆ ತುಂಬುವ ಬಿರಡೆಯನ್ನು ಮೆಲ್ಲನೆ ಸಡಿಲಿಸಿದೆವು.

'ಉಸ್ಸ್' ಎಂದು ಗಾಳಿ ಹೊರಬಂತು.

ಆಗ ಚಾಲಕರ ಕರಿಯ ಬಣ್ಣದ ಮಾತು ನನ್ನ ನೆನಪಿಗೆ ಬಂದದ್ದು. ಹಿಂದಿನ ಆಕ್ಸಲಿನ ಹೌಸಿಂಗಿನ ಮೇಲ್ಭಾಗದಲ್ಲಿ ಕಿರುಬೆರಳ ತುದಿಯಷ್ಟು ದೊಡ್ಡದೊಂದು ಪುಟ್ಟ ಟೊಪ್ಪಿಗೆಯಿರುತ್ತದೆ. ಮಿಸ್ತ್ರಿಗಳು ಅದನ್ನು ಬ್ರೀದರ್ ಎನ್ನುತ್ತಾರೆ. ಅದು ಆಕ್ಸಲಿನ ಮೂಗು. ಒಳಗಿನ ಗಾಳಿ ಕಾದು ಹಿಗ್ಗಿದಾಗ ಹೊರಕ್ಕೆ, ತಣಿದು ಕುಗ್ಗಿದಾಗ ಒಳಕ್ಕೆ ಆಡಲು ಇರುವ ದಾರಿ. ಗಾಡಿಯ ಕೆಳಗೆ ತೂರಿ ಬ್ಯಾಟರಿ ಹಿಡಿದು ನೋಡಿದರೆ ಆ ಟೊಪ್ಪಿಗೆಯ ಮೇಲೆ ತುಕ್ಕು ನಿರೋಧಕ ಕರಿಬಣ್ಣ ದಪ್ಪಗೆ ಕೂತು ಗಟ್ಟಿಯಾಗಿತ್ತು. ಅದರ ಮೇಲೆ ಕಣಕುಂಬಿಯ ಕೆಂಪು ಕೆಸರಿನ ಇನ್ನೊಂದು ಲೇಪ.

ಲೆಕ್ಕ ಸರಳ. ಮೂಗು ಮುಚ್ಚಿದ ಹೌಸಿಂಗಿನೊಳಗಿನ ಗಾಳಿ 30 ಡಿಗ್ರಿಯಿಂದ 90 ಡಿಗ್ರಿಗೆ ಕಾದರೆ ಅದರ ಒತ್ತಡ ಐದನೆಯ ಒಂದು ಪಾಲಿನಷ್ಟು ಏರುತ್ತದೆ. ಆಯಿಲ್ ಸೀಲಿನ ರಬ್ಬರ್ ತುಟಿಯನ್ನು ಮಾಡಿರುವುದು ಎರಚುವ ಎಣ್ಣೆಯನ್ನು ತಡೆಯಲು. ಒತ್ತಡವನ್ನು ತಡೆಯಲು ಅಲ್ಲ. ಪ್ರತಿ ರಾತ್ರಿ ಘಾಟ್ ಇಳಿಯುವಾಗ ಆಕ್ಸಲ್ ಉಸಿರುಕಟ್ಟಿ, ಹೊರದಾರಿ ಕಾಣದೆ, ಸೀಲಿನ ಸಂದಿನಿಂದ ಒಂದೆರಡು ಹನಿ ಎಣ್ಣೆಯನ್ನು ಡ್ರಮ್ಮಿಗೆ ದೂಡುತ್ತಿತ್ತು. ಮೂರು ನಾಲ್ಕು ವಾರಕ್ಕೆ ಲೈನರು ತೊಯ್ಯಲು ಅಷ್ಟು ಸಾಕಾಗುತ್ತಿತ್ತು.

ಹೀಗೆ ಸದ್ದು ಲೈನರಿನಲ್ಲಿತ್ತು. ಲೈನರು ಕೆಟ್ಟದ್ದು ಎಣ್ಣೆಯಿಂದ. ಎಣ್ಣೆ ಬಂದದ್ದು ಸೀಲಿನಿಂದ. ಸೀಲು ಸೋತದ್ದು ಒತ್ತಡಕ್ಕೆ. ಒತ್ತಡ ಹುಟ್ಟಿದ್ದು ಬಣ್ಣ ಮೆತ್ತಿದ ಒಂದು ರಂಧ್ರದಿಂದ. ಐದು ಮೆಟ್ಟಿಲಿನ ಈ ಬಾವಿಯಲ್ಲಿ ಮೊದಲನೆಯ ಮೆಟ್ಟಿಲಿನಿಂದಲೇ ಎಲ್ಲರೂ ಹಿಂತಿರುಗಿದ್ದೆವು. ನಾನಂತೂ ಬಾವಿಯ ಹತ್ತಿರಕ್ಕೂ ಹೋಗಿರಲಿಲ್ಲ. ಬಂಡಿಯ ಕಾಲದ ನಮ್ಮ ಹಿರಿಯರು ಕೀಲಿಗೆ ಎಣ್ಣೆ ಹಾಕುವಾಗ ಹಳಿಗೆ ಹನಿ ತಾಗದಂತೆ ನೋಡಿಕೊಳ್ಳುತ್ತಿದ್ದರು. ಯಂತ್ರ ಬದಲಾಗಿದೆ, ಆ ಎಚ್ಚರ ಬದಲಾಗಬೇಕಿಲ್ಲ.

ಮಾಡಿದ ರಿಪೇರಿ ಇಷ್ಟು. ಬ್ರೀದರನ್ನು ಬಿಚ್ಚಿ ತೊಳೆದು, ಊದಿದರೆ ಗಾಳಿ ಸರಾಗವಾಗಿ ಆಡುವುದೆಂದು ನೋಡಿ ಕೂರಿಸಿದೆವು. ಒತ್ತಡಕ್ಕೆ ತುಟಿ ಸಡಿಲಾಗಿದ್ದ ಸೀಲನ್ನು ಬದಲಿಸಿದೆವು. ಎಣ್ಣೆಯನ್ನು ತುಂಬುವ ತೂತಿನ ಕೆಳ ಅಂಚಿನ ಮಟ್ಟಕ್ಕೆ ತಂದೆವು. ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆಯೆಂದು ಅರ್ಥ, ಇದರಲ್ಲಿ ಹಾಗಾಗಿರಲಿಲ್ಲ. ಲೈನರುಗಳನ್ನು ಎಡಬಲ ಎರಡಕ್ಕೂ ಹೊಸದಾಗಿ ಹಾಕಿಸಿದೆವು. ಒಂದು ಬದಿಗೆ ಹೊಸದು, ಇನ್ನೊಂದು ಬದಿಗೆ ಹಳೆಯದು ಹಾಕಿದರೆ ಹಿಡಿತ ಸಮವಾಗದೆ ಗಾಡಿ ಮತ್ತೆ ಒಂದು ಕಡೆಗೆ ಎಳೆಯುತ್ತದೆ. ಡ್ರಮ್ಮುಗಳನ್ನು ಸೋಪಿನ ಬಿಸಿನೀರಿನಲ್ಲಿ ತೊಳೆದು ಒಣಗಿಸಿದೆವು. ಇದೆಲ್ಲದರ ಖರ್ಚು, ಹಿಂದಿನ ಮೂರು ಬಾರಿಯ ಒಟ್ಟು ಖರ್ಚಿಗಿಂತ ಕಡಿಮೆಯೇ ಆಯಿತು.

ಇನ್ನು ಘಾಟಿನಲ್ಲಿ ಗಾಡಿ ಓಡಿಸುವ ನಮ್ಮ ಬಂಧುಗಳಿಗೆ ಕೆಲವು ಮಾತುಗಳು. ಮುಂಜಾನೆಯ ಮೊದಲ ಕೆಲವು ಬ್ರೇಕುಗಳಿಗೆ ಎರಡೂ ಗಾಲಿಗಳಿಂದ ಬಂದು ಹೋಗುವ ಸದ್ದು ತುಕ್ಕಿನದು, ಅಂಜಬೇಡಿ. ಒಂದೇ ಗಾಲಿಯಿಂದ ಬರುವುದು, ಕಾದಂತೆ ಹೆಚ್ಚುವುದು, ಗಾಡಿ ಒಂದು ಬದಿಗೆ ಎಳೆಯುವುದು - ಈ ಮೂರರಲ್ಲಿ ಒಂದು ಕಂಡರೂ ತುಂಬಿದ ಗಾಡಿಯನ್ನು ಘಾಟಿಗೆ ಇಳಿಸಬೇಡಿ. ಕಬ್ಬಿಣಕ್ಕೆ ಕಬ್ಬಿಣ ಕೆರೆದ ಕರಕರ ಸದ್ದಾದರೆ ಲೈನರು ಮುಗಿದು ರಿವೆಟ್ಟೋ ಶೂವೋ ಡ್ರಮ್ಮನ್ನು ತಿನ್ನುತ್ತಿದೆ, ಅಲ್ಲಿಯೇ ನಿಲ್ಲಿಸಿ. ಕಾಲಿಡದಿದ್ದಾಗಲೂ ಸದ್ದು ಬಂದು ಡ್ರಮ್ಮು ಅತಿಯಾಗಿ ಕಾಯುತ್ತಿದ್ದರೆ ಶೂ ಬಿಡದೆ ಹಿಡಿದಿದೆ. ಹ್ಯಾಂಡ್ ಬ್ರೇಕಿನ ಕೇಬಲನ್ನೂ ಸ್ಪ್ರಿಂಗುಗಳನ್ನೂ ನೋಡಿಸಿ. ಸದ್ದು ಹಿಂದಿನದೋ ಮುಂದಿನದೋ ಎಂಬ ಸಂಶಯವಿದ್ದರೆ, ಜನರಿಲ್ಲದ ಸಮತಟ್ಟಾದ ಜಾಗದಲ್ಲಿ, ನಡಿಗೆಯ ವೇಗದಲ್ಲಿ, ಹ್ಯಾಂಡ್ ಬ್ರೇಕನ್ನು ಮೆಲ್ಲನೆ ಎಳೆದು ಕೇಳಿ. ಬಹುತೇಕ ಪಿಕಪ್ಪುಗಳಲ್ಲಿ ಅದು ಹಿಂದಿನ ಡ್ರಮ್ಮುಗಳನ್ನೇ ಹಿಡಿಯುತ್ತದೆ.

ಕಾದ ಡ್ರಮ್ಮನ್ನು ಕೈಯಿಂದ ಮುಟ್ಟಬೇಡಿ. ಅದರ ಮೇಲೆ ನೀರು ಸುರಿಯಬೇಡಿ, ಬೀಡುಕಬ್ಬಿಣ ಬಿರಿಯುತ್ತದೆ. ಡ್ರಮ್ಮಿನೊಳಗಿನ ಪುಡಿಯನ್ನು ಬಾಯಿಂದಾಗಲಿ ಗಾಳಿಯ ಪೈಪಿನಿಂದಾಗಲಿ ಊದಿಸಬೇಡಿ. ಬ್ರೇಕ್ ಲೈನರುಗಳಲ್ಲಿ ಬಹುಕಾಲ ಆಸ್ಬೆಸ್ಟಾಸ್ ನಾರನ್ನು ಬಳಸುತ್ತಿದ್ದರು. ಅದರ ಧೂಳು ಶ್ವಾಸಕೋಶಕ್ಕೆ ಇಳಿದರೆ ದಶಕಗಳ ನಂತರವೂ ಕ್ಯಾನ್ಸರ್ ತರಬಲ್ಲದು. ಒದ್ದೆ ಬಟ್ಟೆಯಿಂದ ಒರೆಸುವುದೇ ಸರಿ. ಗ್ಯಾರೇಜಿನಲ್ಲಿ ಕೆಲಸ ಕಲಿಯುವ ಹುಡುಗರು ಹಲವರು ನಮ್ಮ ಮನೆಗಳವರೇ ಎಂಬುದನ್ನು ಮರೆಯಬಾರದು.

ಎಲ್ಲಕ್ಕಿಂತ ಮಿಗಿಲಾಗಿ, ಗ್ಯಾರೇಜಿಗೆ ಹೋದಾಗ "ಸದ್ದು ಬರುತ್ತಿದೆ, ಸರಿಮಾಡು" ಎಂದಷ್ಟೇ ಹೇಳಿ ನಿಲ್ಲಬೇಡಿ. ಯಾವ ಗಾಲಿ, ಯಾವ ಹೊತ್ತು, ಎಷ್ಟು ದಿನಕ್ಕೊಮ್ಮೆ, ಮೊದಲ ಬಾರಿಗೆ ಮುಂಚೆ ಏನು ಮಾಡಿಸಿತ್ತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅದೇ ಸದ್ದು ಎರಡನೆಯ ಬಾರಿ ಮರಳಿದರೆ, ಒಂದು ರಾತ್ರಿಯ ಫೇರಿ ಬಿಟ್ಟಾದರೂ ಕಾರಣವನ್ನು ಹುಡುಕಿಸಿ. ಒಂದು ಫೇರಿಯ ಮಾಲು ಕೊಳೆತರೆ ಮುಂದಿನ ವಾರ ದುಡಿದು ತುಂಬಿಕೊಳ್ಳಬಹುದು.

ಕಾರ್ತಿಕದಲ್ಲಿ ಅಕಾಲದ ಮಳೆಯೊಂದು ಬಂದು ಹೋದ ಮುಂಜಾನೆ ಆ ಚಾಲಕರ ಫೋನ್ ಬಂತು. ನನಗೆ ಅರೆಗಳಿಗೆ ಭಯವಾಯಿತು.

"ಕಾಕಾ, ಇವತ್ತ ಸಪ್ಪಳ ಬಂತ್ರಿ. ಎರಡೂ ಗಾಲೀದಾಗ. ನಾಕ ಸಲ ಒತ್ತಿದೆ, ಹೋತು."

ಅವರ ಪ್ಲಾಸ್ಟಿಕ್ ಚೀಲದಲ್ಲಿ ನನ್ನ ಹಳೆಯ ತುಣುಕು ಇನ್ನೂ ಇದೆಯಂತೆ. ಅದನ್ನು ಎಸೆಯಬೇಕಿಲ್ಲ, ಇದನ್ನೂ ಕತ್ತರಿಸಿ ಅದರ ಜೊತೆಗೆ ಇಟ್ಟುಕೊಳ್ಳಬೇಕೆಂದು ಅವರಲ್ಲಿಯೂ, ಆ ಹಳೆಯ ಅಂಕಣವನ್ನು ನಂಬಿದ ಉಳಿದ ಓದುಗರಲ್ಲಿಯೂ ನನ್ನ ವಿನಂತಿ.